ತಂಬಾಕು ಪೊಟ್ಟಣದೊಳಗಿನ ಕಟ್ಟಡಗಳು: ಯಾವ ಕಾರ್ಡು ಕೊಳ್ಳುವುದು?

ಹಳೆಯ ಸಿಗರೇಟ್ ಕಾರ್ಡು ಸಂಗ್ರಹಿಸುವವರಲ್ಲಿ ಹೆಚ್ಚಿನವರು ಆಟಗಾರರ ಬೆನ್ನು ಹತ್ತುತ್ತಾರೆ. ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಒಂದೇ ಒಂದು ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಕಟ್ಟಡಗಳ ಕಾರ್ಡಿಗೆ ಆ ನೂಕುನುಗ್ಗಲಿಲ್ಲ. ಕಲ್ಲಿನ ಮೇಲೆ ಚಿತ್ರ ಬಿಡಿಸಿ ಮುದ್ರಿಸುವ ಅದೇ ಕಲ್ಲಚ್ಚು, ಅದೇ ಕಾಲದ ಕೈಚಳಕ, ಬೆಲೆ ಮಾತ್ರ ನಮ್ಮ ನಿಮ್ಮಂಥವರ ಕೈಗೆಟಕುವಂಥದ್ದು. ವಾಸ್ತುಶಿಲ್ಪದ ಹುಚ್ಚಿರುವವರು, ಹಳೆಯ ಮುದ್ರಣದ ಮೇಲೆ ಪ್ರೀತಿ ಇರುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ಅಮೆರಿಕದ ಶಾಸನಭವನಗಳ ಸರಣಿ ತೆಗೆದುಕೊಳ್ಳಲೇ, ಜನರ ವಾಸದ ಮನೆಗಳ ಸರಣಿಯೇ, ಇಂಗ್ಲೆಂಡಿನ ಕೋಟೆಗಳೇ, ಅಥವಾ ದುಡ್ಡು ಹಾಕುವುದೇ ಬೇಡವೇ?

ಈ ಕಾರ್ಡುಗಳು ಹುಟ್ಟಿದ್ದೇಕೆ ಎಂದು ತಿಳಿದಿದ್ದರೆ ಆಯ್ಕೆ ಸುಲಭ. 1880ರ ದಶಕದಲ್ಲಿ ಅಮೆರಿಕದಲ್ಲಿ ಸಿಗರೇಟ್ ತೆಳು ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು. ಬೆರಳು ತಾಗಿದರೆ ಮುದುಡುತ್ತಿತ್ತು. ಒಳಗೊಂದು ಗಟ್ಟಿ ರಟ್ಟಿನ ತುಂಡು ಇಟ್ಟರೆ ಸಿಗರೇಟು ಬಾಗುವುದಿಲ್ಲ. ಆ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದರೆ ಗಿರಾಕಿ ಮತ್ತೆ ಅದೇ ಅಂಗಡಿಗೆ, ಅದೇ ಬ್ರಾಂಡಿಗೆ ಬರುತ್ತಾನೆ. ಅದೇ ಹೊತ್ತಿಗೆ ಜೇಮ್ಸ್ ಬಾನ್ಸ್ಯಾಕ್ 1881ರಲ್ಲಿ ಪೇಟೆಂಟ್ ಪಡೆದ ಸಿಗರೇಟ್ ಸುತ್ತುವ ಯಂತ್ರ ಬಂತು. ದಿನಕ್ಕೆ ಲಕ್ಷಕ್ಕೂ ಮೀರಿ ಸಿಗರೇಟು ಉರುಳತೊಡಗಿದಾಗ ಅಷ್ಟನ್ನು ಸೇದುವವರನ್ನು ಹುಡುಕಬೇಕಾಯಿತು. ಪೈಪೋಟಿ ಚಿತ್ರಗಳ ಮೇಲೆ ನಡೆಯಿತು: ಹಕ್ಕಿ, ಮೀನು, ಬಾವುಟ, ನಟಿಯರು, ಸೇನಾಪತಿಗಳು, ನಡುವೆ ಕಟ್ಟಡಗಳು. 1890ರಲ್ಲಿ ಐದು ದೊಡ್ಡ ಕಂಪನಿಗಳು ಸೇರಿ ಅಮೆರಿಕನ್ ಟೊಬ್ಯಾಕೊ ಕಂಪನಿ ಆದವು. ಪೈಪೋಟಿ ಹೋಯಿತು, ಕಾರ್ಡುಗಳ ಹೊಳೆಯೂ ಇಳಿಯಿತು. ಹೀಗಾಗಿ ನಾವು ಹುಡುಕುವ ಅಮೆರಿಕದ ಮಾಲು ಬಹುಪಾಲು ಆ ಐದಾರು ವರ್ಷಗಳದ್ದು.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದದ್ದು

ನಿಮಗೆ ಬೇಕಿರುವುದು ಕಟ್ಟಡವೋ, ಕಾರ್ಡೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಕಟ್ಟಡ ಬೇಕೆನ್ನುವವರಿಗೆ ಚಿತ್ರ ಎಷ್ಟು ನಿಖರ, ಯಾವ ವರ್ಷದ ರೂಪ ಅದರಲ್ಲಿ ಉಳಿದಿದೆ ಎನ್ನುವುದು ಮುಖ್ಯ. ಕಾರ್ಡು ಬೇಕೆನ್ನುವವರಿಗೆ ಮೂಲೆ ಮೊನಚಾಗಿದೆಯೇ, ಹಿಂಬದಿಯ ಜಾಹೀರಾತು ಪೂರ್ತಿ ಇದೆಯೇ ಎನ್ನುವುದು ಮುಖ್ಯ. ಎರಡೂ ಬೇಕೆಂದರೆ ಹಣ ಸುರಿಯಬೇಕು.

ಎರಡನೆಯದು, ಪೂರ್ತಿ ಸರಣಿ ಬೇಕೋ, ನಾಲ್ಕಾರು ಸಾಕೋ. ಐವತ್ತು ಕಾರ್ಡುಗಳ ಸರಣಿಯಲ್ಲಿ ಮೊದಲ ಮೂವತ್ತು ಆರಾಮವಾಗಿ ಸಿಗುತ್ತವೆ. ಕೊನೆಯ ಐದು ನಿಮ್ಮ ತಾಳ್ಮೆಯನ್ನೂ ಜೇಬನ್ನೂ ಪರೀಕ್ಷಿಸುತ್ತವೆ. ಪೂರ್ತಿ ಮಾಡಲೇಬೇಕೆಂಬ ಹಟ ಸ್ವಭಾವದಲ್ಲೇ ಇದ್ದರೆ ಚಿಕ್ಕ ಸರಣಿ ಆರಿಸುವುದು ಜಾಣತನ.

ಮೂರನೆಯದು ಹಿಂಬದಿ. ಇದರ ಬಗ್ಗೆ ತುಸು ಬಿಡಿಸಿ ಹೇಳಬೇಕು. ಆ ಕಾಲದ ಮಕ್ಕಳು, ಹೆಂಗಸರು ಈ ಕಾರ್ಡುಗಳನ್ನು ಸ್ಕ್ರ್ಯಾಪ್‌ಬುಕ್ಕಿಗೆ ಗೋಂದು ಹಾಕಿ ಅಂಟಿಸುತ್ತಿದ್ದರು. ಮುಂದಿನ ತಲೆಮಾರಿನವರು ಅವನ್ನು ಕಿತ್ತು ಮಾರಿದರು. ಕಿತ್ತಾಗ ಹಿಂಬದಿಯ ಕಾಗದ ಹರಿಯಿತು, ಮುಂಬದಿ ಮಾತ್ರ ಪುಸ್ತಕದೊಳಗೆ ಬಿಸಿಲು ಕಾಣದೆ ಹೊಸದರಂತೆ ಉಳಿಯಿತು. ಕಾರ್ಡಿನ ಸ್ಥಿತಿ ನೋಡಿ ಅಂಕ ಹಾಕುವ ಗ್ರೇಡಿಂಗ್ ಕಂಪನಿಗಳು ಇಂಥದಕ್ಕೆ ಕೊಡುವುದು ತೀರಾ ಕೆಳಗಿನ ಅಂಕ. ಬೆಲೆಯೂ ಅದಕ್ಕೆ ತಕ್ಕಂತೆ ಬೀಳುತ್ತದೆ. ಕಟ್ಟಡದ ಚಿತ್ರಕ್ಕಾಗಿ ಕೊಳ್ಳುವವರಿಗೆ ಈ ಮಾರುಕಟ್ಟೆಯಲ್ಲಿ ಇದಕ್ಕಿಂತ ಒಳ್ಳೆಯ ಮಾಲು ಇಲ್ಲ ಎಂದೇ ನನ್ನ ಲೆಕ್ಕ. ಎದುರಿಗೆ ಗುಮ್ಮಟದ ಒಂದೊಂದು ಗೆರೆಯೂ ಸ್ಪಷ್ಟ, ಹಿಂದೆ ಗೋಂದಿನ ಕಲೆ. ಚೌಕಟ್ಟು ಹಾಕಿ ಗೋಡೆಗೆ ತೂಗಿದರೆ ಹಿಂಬದಿಯನ್ನು ಯಾರು ನೋಡುತ್ತಾರೆ?

ನಾಲ್ಕನೆಯದು ಒಟ್ಟು ಖರ್ಚು. ಕಾರ್ಡಿನ ಬೆಲೆಗಿಂತ ಅದನ್ನು ಬೆಂಗಳೂರಿಗೋ ಹುಬ್ಬಳ್ಳಿಗೋ ತರಿಸುವ ಖರ್ಚೇ ಹೆಚ್ಚಾಗುವುದುಂಟು; ಮೇಲೆ ಕಸ್ಟಮ್ಸ್. ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ಅಣ್ಣನ ಮಗಳು ಇದ್ದರೆ ಅವಳ ವಿಳಾಸಕ್ಕೆ ಹತ್ತಾರು ಕಾರ್ಡು ಜಮಾಯಿಸಿ, ಊರಿಗೆ ಬರುವಾಗ ಪುಸ್ತಕದೊಳಗಿಟ್ಟು ತರಲು ಹೇಳುವುದೇ ನಮ್ಮವರ ಹಳೆಯ ಉಪಾಯ. ಒಬ್ಬನೇ ಮಾರಾಟಗಾರನಿಂದ ಹಲವು ಕೊಂಡರೆ ಒಂದೇ ಲಕೋಟೆಯಲ್ಲಿ ಕಳಿಸುತ್ತಾನೆ, ಅದನ್ನು ಮೊದಲೇ ಕೇಳಿ.

ಆಲೆನ್ ಅಂಡ್ ಗಿಂಟರ್: ಶಾಸನಭವನಗಳು

ವರ್ಜೀನಿಯಾದ ರಿಚ್ಮಂಡ್ ಊರಿನ ಆಲೆನ್ ಅಂಡ್ ಗಿಂಟರ್ ಕಂಪನಿ 1889ರಲ್ಲಿ ಹೊರತಂದ ಸರಣಿ ಇದು. ಕೇಂದ್ರ ಸರ್ಕಾರದ ಕಟ್ಟಡಗಳು ಮತ್ತು ರಾಜ್ಯಗಳ ಶಾಸನಭವನಗಳು, ಒಟ್ಟು 50 ಕಾರ್ಡು. ಸಂಗ್ರಾಹಕರು ಇದನ್ನು ಎನ್14 ಎಂದು ಕರೆಯುತ್ತಾರೆ. ಆ ಸಂಖ್ಯೆ ಕೊಟ್ಟವರು ಜೆಫರ್ಸನ್ ಬರ್ಡಿಕ್, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮನುಷ್ಯ. ಸಂಧಿವಾತದಿಂದ ಕೈಬೆರಳು ಸೊಟ್ಟಗಾಗಿದ್ದರೂ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು, ಮುದ್ರಿತ ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ದಾನ ಮಾಡಿ, ಅಲ್ಲೇ ಕೂತು ಆಲ್ಬಮ್ಮುಗಳಲ್ಲಿ ಜೋಡಿಸಿ, 1963ರಲ್ಲಿ ಕೆಲಸ ಮುಗಿಸಿದ ಕೆಲವೇ ವಾರಗಳಲ್ಲಿ ತೀರಿಕೊಂಡರು. ಅವರ ಪಟ್ಟಿಯಲ್ಲಿ ‘ಎನ್’ ಎಂದರೆ ಹತ್ತೊಂಬತ್ತನೆಯ ಶತಮಾನದ ತಂಬಾಕು ಕಾರ್ಡು, ‘ಟಿ’ ಎಂದರೆ ಇಪ್ಪತ್ತನೆಯದ್ದು. ಕೊಳ್ಳುವಾಗ ಸರಣಿಯ ಹೆಸರಿಗಿಂತ ಈ ಸಂಖ್ಯೆಯನ್ನೇ ಹುಡುಕಿ; ಮಾರುವವರು ಹೆಸರನ್ನು ಹೇಗೆಂದರೆ ಹಾಗೆ ಬರೆದಿರುತ್ತಾರೆ.

ಕಟ್ಟಡ ನೋಡುವವರಿಗೆ ಎನ್14 ನನ್ನ ಮೊದಲ ಸಲಹೆ, ಕಾರಣ ಅದರ ಇಸವಿ. ಅಮೆರಿಕದ ಶಾಸನಭವನಗಳು ಸುಟ್ಟಿವೆ, ಕೆಡವಲ್ಪಟ್ಟಿವೆ, ಅಗಲಗೊಂಡಿವೆ. 1889ರಲ್ಲಿ ಹ್ಯಾರಿಸ್‌ಬರ್ಗಿನಲ್ಲಿ ನಿಂತಿದ್ದ ಪೆನ್ಸಿಲ್ವೇನಿಯಾದ ಭವನ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ವಿಸ್ಕಾನ್ಸಿನ್ನಿನದು 1904ರಲ್ಲಿ ಸುಟ್ಟಿತು, ಮಿಸೌರಿಯದು 1911ರಲ್ಲಿ ಸಿಡಿಲು ಬಡಿದು ಹೋಯಿತು. ಇಂದು ಆ ಊರುಗಳಲ್ಲಿ ಪ್ರವಾಸಿಗಳು ಫೋಟೋ ತೆಗೆಯುವುದು ಬೇರೆಯೇ ಕಟ್ಟಡಗಳನ್ನು.

ಅದಕ್ಕಿಂತ ಸ್ವಾರಸ್ಯದ್ದು ಕಂಪನಿಯ ಸ್ವಂತ ಊರಿನ ಭವನ. ರಿಚ್ಮಂಡಿನ ಶಾಸನಭವನವನ್ನು ಥಾಮಸ್ ಜೆಫರ್ಸನ್, ಫ್ರಾನ್ಸಿನ ನೀಮ್ ಊರಿನ ರೋಮನ್ ದೇಗುಲವೊಂದರ ಮಾದರಿಯಲ್ಲಿ ಯೋಜಿಸಿದರು. ಈಗ ಅದರ ಎಡಬಲಕ್ಕೆ ಕಾಣುವ ರೆಕ್ಕೆಗಳನ್ನು ಕಟ್ಟಿದ್ದು 1904ರಿಂದ 1906ರ ನಡುವೆ. ಎಂದರೆ 1889ರ ಜನ ಕಂಡದ್ದು ಕಂಬಸಾಲಿನ ಒಂಟಿ ದೇಗುಲದಂಥ ರೂಪವನ್ನೇ. ಬಾಸ್ಟನ್ನಿನ ಭವನಕ್ಕೂ ಹೀಗೆಯೇ: ಚಾರ್ಲ್ಸ್ ಬುಲ್‌ಫಿಂಚ್ 1798ರಲ್ಲಿ ಮುಗಿಸಿಕೊಟ್ಟ ಇಟ್ಟಿಗೆಯ ಕಟ್ಟಡದ ಅಕ್ಕಪಕ್ಕ ಬಿಳಿ ಅಮೃತಶಿಲೆಯ ರೆಕ್ಕೆಗಳು ಬಂದದ್ದು 1917ರಲ್ಲಿ. ಇಂಥ ಕಟ್ಟಡಗಳ ಕಾರ್ಡು ಕೈಯಲ್ಲಿಟ್ಟುಕೊಂಡು ಇಂದಿನ ಫೋಟೋ ಪಕ್ಕಕ್ಕೆ ಹಿಡಿದರೆ ನೋಡಲಿಕ್ಕೆ ಬೇಕಾದಷ್ಟಿದೆ.

ಅಂದಹಾಗೆ, ಕಂಪನಿಯ ಪಾಲುದಾರ ಲೂಯಿಸ್ ಗಿಂಟರ್‌ಗೂ ಕಟ್ಟಡದ ಹುಚ್ಚು ಇತ್ತು. ರಿಚ್ಮಂಡಿನ ಜೆಫರ್ಸನ್ ಹೋಟೆಲನ್ನು 1895ರಲ್ಲಿ ತೆರೆಸಿದವರು ಅವರೇ. ನಕ್ಷೆ ಕರೇರ್ ಅಂಡ್ ಹೇಸ್ಟಿಂಗ್ಸ್ ಜೋಡಿಯದು, ಮುಂದೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಕಟ್ಟಿದವರು. ಸಿಗರೇಟಿನ ದುಡ್ಡು ಇನ್ನೂ ಅಲ್ಲಿ ನಿಂತಿದೆ.

ಕೊರತೆಗಳೂ ಇವೆ. ಕಾರ್ಡಿನ ಅಳತೆ ಸುಮಾರು ಒಂದೂವರೆ ಅಂಗುಲಕ್ಕೆ ಎರಡೂ ಮುಕ್ಕಾಲು ಅಂಗುಲ. ಅಷ್ಟರಲ್ಲಿ ಇಡೀ ಶಾಸನಭವನ ಕೂರಬೇಕು. ಕಿಟಕಿಗಳನ್ನು ಎಣಿಸಿ ವಾಸ್ತುಪಾಠ ಮಾಡಲು ಹೊರಟರೆ ನಿರಾಸೆ ಖಂಡಿತ. ಬಣ್ಣವೂ ಕಲಾವಿದನ ಮನಸ್ಸಿಗೆ ಬಂದದ್ದು. ಇನ್ನು ಐವತ್ತು ಗುಮ್ಮಟಗಳನ್ನು ಒಟ್ಟಿಗೆ ಹರಡಿ ನೋಡಿದರೆ, ವಾಷಿಂಗ್ಟನ್ನಿನ ಗುಮ್ಮಟದ ಮರಿಗಳೇ ಸಾಲಾಗಿ ಕೂತಂತೆ ಕೆಲವರಿಗೆ ಏಕತಾನ ಅನ್ನಿಸೀತು. ನನಗಂತೂ ಆ ಏಕತಾನದಲ್ಲೇ ರುಚಿ. ಒಂದು ದೇಶ ತನ್ನ ಅಧಿಕಾರಕ್ಕೆ ಯಾವ ಮುಖ ತೊಡಿಸಿತು ಎನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಬೆಲೆಯ ಅಂದಾಜಿಗೆ: ಇದೇ ಕಂಪನಿಯ ಎನ್28 ಸರಣಿಯಲ್ಲಿ ಕ್ಯಾಪ್ ಆ್ಯನ್ಸನ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡು ಸಾವಿರಾರು ಡಾಲರಿಗೆ ಹೋಗುತ್ತದೆ. ಆ ಒಂದರ ಬೆಲೆಗೆ ಎನ್14ರ ಸಾಧಾರಣ ಸ್ಥಿತಿಯ ಕಾರ್ಡುಗಳ ಕಂತೆಯನ್ನೇ ತರಬಹುದು. ಮಾರಾಟಗಾರ ಕೇಳುವ ಬೆಲೆ ನೋಡಬೇಡಿ. ಈಬೇ ಎಂಬ ಮಾರಾಟದ ಜಾಲತಾಣದಲ್ಲಿ ಮಾರಾಟವಾಗಿ ಮುಗಿದ ಕಾರ್ಡುಗಳ ಬೆಲೆ ತೋರಿಸುವ ಸೌಲಭ್ಯವಿದೆ, ಅದನ್ನು ನೋಡಿ.

ಅದೇ ಸರಣಿಯ ಆಲ್ಬಮ್

ಪೊಟ್ಟಣದ ಕೂಪನ್ನುಗಳನ್ನು ಕೂಡಿಟ್ಟು ಕಳಿಸಿದವರಿಗೆ ಕಂಪನಿ ಆಲ್ಬಮ್ ಕೊಡುತ್ತಿತ್ತು. ಇದು ಕಾರ್ಡು ಅಂಟಿಸುವ ಖಾಲಿ ಪುಸ್ತಕ ಅಲ್ಲ. ಕಾರ್ಡಿನ ಚಿತ್ರಗಳನ್ನೇ ಅಲಂಕಾರದ ಅಂಚುಗಳ ನಡುವೆ ಮತ್ತೆ ಕಲ್ಲಚ್ಚಿನಲ್ಲಿ ಮುದ್ರಿಸಿದ ಪುಸ್ತಕ. ಒಂದು ಸಲ ಕೊಂಡರೆ ಎಲ್ಲ ಚಿತ್ರಗಳೂ ಒಟ್ಟಿಗೆ ಕೈಗೆ ಬರುತ್ತವೆ, ಕೊನೆಯ ಐದಕ್ಕಾಗಿ ಅಲೆದಾಟವಿಲ್ಲ. ಒಂದೇ ಸಲಕ್ಕೆ ದೊಡ್ಡ ಮೊತ್ತ ಹಾಕಬಲ್ಲವರಿಗೆ, ಬಿಡಿಬಿಡಿಯಾಗಿ ಬೇಟೆಯಾಡುವ ಸುಖ ಬೇಡ ಎನ್ನುವವರಿಗೆ ಇದು ಸರಿ. ಆದರೆ ಬೆನ್ನುಕಟ್ಟು ಸಡಿಲವಾಗಿರುತ್ತದೆ, ಪುಟದಂಚು ಪುಡಿಯಾಗುತ್ತಿರುತ್ತದೆ. ಪುಟಗಳನ್ನೆಲ್ಲ ಎಣಿಸಿ ಫೋಟೋ ಕಳಿಸಲು ಕೇಳದೆ ಹಣ ಕೊಡಬಾರದು. ಆಲ್ಬಮ್ಮಿನ ಪುಟದಿಂದ ಕತ್ತರಿಸಿದ ಚಿತ್ರವನ್ನು ಕಾರ್ಡು ಎಂದು ಮಾರುವವರೂ ಇದ್ದಾರೆ. ಕಾಗದ ತೆಳುವಾಗಿದ್ದು, ಹಿಂಬದಿಯಲ್ಲಿ ಜಾಹೀರಾತಿನ ಬದಲು ಬೇರೊಂದು ಚಿತ್ರದ ತುಂಡೋ ಖಾಲಿ ಜಾಗವೋ ಇದ್ದರೆ ಅನುಮಾನಿಸಿ.

ಡ್ಯೂಕ್: ಮನುಷ್ಯರ ಮನೆಗಳು

ಉತ್ತರ ಕ್ಯಾರೊಲಿನಾದ ಡರ್ಹಮಿನ ಡಬ್ಲ್ಯು. ಡ್ಯೂಕ್ ಸನ್ಸ್ ಕಂಪನಿ ‘ಆನೆಸ್ಟ್ ಲಾಂಗ್ ಕಟ್’ ಎಂಬ ಸೇದುವ, ಜಗಿಯುವ ತಂಬಾಕಿಗೆಂದು ಹೊರತಂದ ಎನ್113 ಸರಣಿಯ ವಿಷಯವೇ ಬೇರೆ: ಬೇರೆ ಬೇರೆ ನಾಡಿನ ಜನರ ವಾಸದ ಮನೆಗಳು. ಅರಮನೆ, ಗುಮ್ಮಟ, ಕಂಬಸಾಲುಗಳ ಕಾಲದಲ್ಲಿ ಸಾಮಾನ್ಯರ ಸೂರನ್ನು ವಿಷಯವಾಗಿ ಹಿಡಿದದ್ದು ಅಪರೂಪ. ಹೆಂಚಿನ ಮನೆ, ತೊಟ್ಟಿಮನೆ, ಗುಡಿಸಲು ಎಂದು ದೇಸಿ ಕಟ್ಟಡಗಳ ಅಧ್ಯಯನ ಮಾಡುವವರಿಗೆ ಇದು ಹೆಚ್ಚು ಹತ್ತಿರ ಎನ್ನಿಸುತ್ತದೆ.

ಆದರೆ ಇದನ್ನು ದಾಖಲೆ ಎಂದು ನಂಬಿ ಕೊಳ್ಳಬೇಡಿ. ಅಂದಿನ ಅಮೆರಿಕದ ತಂಬಾಕು ವ್ಯಾಪಾರಿ ಪರದೇಶದ ಜನರನ್ನು ಹೇಗೆ ನೋಡುತ್ತಿದ್ದ ಎನ್ನುವುದರ ದಾಖಲೆ ಅದು. ‘ನಾಗರಿಕ’, ‘ಅನಾಗರಿಕ’ ಎಂಬ ಏಣಿ ಆ ಕಾಲದ ಇಂಥ ಸರಣಿಗಳಲ್ಲೆಲ್ಲ ಇಣುಕುತ್ತದೆ. ಮಕ್ಕಳ ಕೋಣೆಯ ಗೋಡೆಗೆ ತೂಗುವ ಮುನ್ನ ಯೋಚಿಸಿ. ಜೊತೆಗೆ ಎನ್14ರಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದೂ ಇಲ್ಲ, ಕಾಯಬೇಕು. ಪಾಠ ಮಾಡುವವರು, ಬರೆಯುವವರು ಒಂದೆರಡು ಇಟ್ಟುಕೊಂಡರೆ ಸಾಕು. ಡ್ಯೂಕ್ ಕಂಪನಿಯ ಜಾಹೀರಾತು ಸಾಮಗ್ರಿಯನ್ನು ಡ್ಯೂಕ್ ವಿಶ್ವವಿದ್ಯಾಲಯದ ಗ್ರಂಥಾಲಯ ಅಂತರ್ಜಾಲದಲ್ಲಿ ಇಟ್ಟಿದೆ; ಆ ಕಂಪನಿಯ ಶೈಲಿ ಒಗ್ಗುತ್ತದೋ ಇಲ್ಲವೋ ಎಂದು ಅಲ್ಲಿ ನೋಡಿಕೊಳ್ಳಬಹುದು.

ಇಂಗ್ಲೆಂಡಿನ ಕೋಟೆಗಳು, ಮಠಗಳು

ನಾಟಿಂಗ್‌ಹ್ಯಾಮಿನ ಜಾನ್ ಪ್ಲೇಯರ್ ಅಂಡ್ ಸನ್ಸ್ 1890ರ ದಶಕದ ಮೊದಲರ್ಧದಲ್ಲಿ ತಂದ ‘ಕ್ಯಾಸಲ್ಸ್, ಆ್ಯಬೀಸ್’ ಸರಣಿ ಆ ಕಂಪನಿಯ ಮೊದಮೊದಲ ಕಾರ್ಡುಗಳಲ್ಲಿ ಒಂದು. ಬಿಳಿ ಅಂಚಿರುವುದು, ಅಂಚಿಲ್ಲದ್ದು ಎಂದು ಎರಡು ಬಗೆ ಇವೆ. ಒಂದರ ಜೊತೆ ಇನ್ನೊಂದನ್ನು ಬೆರೆಸಿ ‘ಪೂರ್ತಿ ಸೆಟ್ಟು’ ಎಂದು ಮಾರುವವರ ಬಳಿ ಎಚ್ಚರ. ಅಮೆರಿಕದ ಗುಮ್ಮಟಗಳಲ್ಲಿ ಹಲವು ಆಗಷ್ಟೇ ಕಟ್ಟಿ ಮುಗಿಸಿದವು ಇಲ್ಲವೇ ಕಟ್ಟುತ್ತಿದ್ದವು. ಇಲ್ಲಿರುವುದು ಪಾಳುಬಿದ್ದ ಕಮಾನುಗಳು, ಹಬ್ಬಿದ ಬಳ್ಳಿ. ಇತಿಹಾಸದ ಮೋಹ ಇರುವವರಿಗೆ ಇದು ಹಿಡಿಸುತ್ತದೆ.

ಪ್ಲೇಯರ್ ಹೆಸರು ಕೇಳಿ ಅಗ್ಗ ಎಂದುಕೊಳ್ಳಬೇಡಿ. ಆ ಕಂಪನಿಯ 1930ರ ದಶಕದ ಕಾರ್ಡುಗಳು ರಾಶಿ ರಾಶಿ ಅಚ್ಚಾದವು, ಅವು ಅಗ್ಗ. 1890ರ ದಶಕದವು ಹಾಗಲ್ಲ.

ಅಗ್ಗದ್ದೇ ಬೇಕು, ಹತ್ತೊಂಬತ್ತನೆಯ ಶತಮಾನದ್ದಲ್ಲದಿದ್ದರೂ ಪರವಾಗಿಲ್ಲ ಎನ್ನುವವರಿಗೆ ಬ್ರಿಸ್ಟಲ್ಲಿನ ವಿಲ್ಸ್ ಕಂಪನಿ ಮೊದಲ ಮಹಾಯುದ್ಧದ ನಡುವೆ ತಂದ ಬೆಲ್ಜಿಯಂ ವಾಸ್ತುಶಿಲ್ಪದ ಸರಣಿ ಇದೆ. ಸಮಯ ನೋಡಿ: 1914ರ ನವೆಂಬರಿನಲ್ಲಿ ಈಪರ್ ಊರಿನ ಮಧ್ಯಯುಗದ ಬಟ್ಟೆ ಮಾರುಕಟ್ಟೆ ಶೆಲ್ ದಾಳಿಗೆ ಉರಿದುಹೋಯಿತು, ಮರುವರ್ಷ ಬೆಲ್ಜಿಯಂನ ಕಟ್ಟಡಗಳು ಇಂಗ್ಲಿಷ್ ಸಿಗರೇಟ್ ಪೊಟ್ಟಣದಲ್ಲಿ. ಫ್ರಾನ್ಸ್, ರಷ್ಯಾ, ಇಟಲಿಯವೂ ಅದರ ಬೆನ್ನಿಗೇ ಬಂದವು, ಎಲ್ಲ ಮಿತ್ರರಾಷ್ಟ್ರಗಳೇ. ವಿಲ್ಸ್, ಪ್ಲೇಯರ್ ಮೊದಲಾದವರು 1901ರಲ್ಲಿ ಸೇರಿ ಇಂಪೀರಿಯಲ್ ಟೊಬ್ಯಾಕೊ ಆದರು, ಕೋಲ್ಕತ್ತದಲ್ಲಿ 1910ರಲ್ಲಿ ಶುರುವಾದ ಇಂಪೀರಿಯಲ್ ಟೊಬ್ಯಾಕೊ ಆಫ್ ಇಂಡಿಯಾವೇ ಇಂದಿನ ಐಟಿಸಿ. ವಿಲ್ಸ್ ಹೆಸರು ನಮ್ಮ ಬೀಡಾ ಅಂಗಡಿಗಳಿಗೆ ಬಂದ ದಾರಿ ಅದು.

ತಂಬಾಕಿನ ವಸ್ತು ಮನೆಯೊಳಗೆ ಬೇಡ ಎನ್ನುವವರಿಗೂ ದಾರಿಯಿದೆ. ಲೀಬಿಗ್ ಕಂಪನಿಯ ಕಾರ್ಡುಗಳಲ್ಲಿ ಕಟ್ಟಡಗಳು ಬೇಕಾದಷ್ಟಿವೆ, ಅಳತೆಯೂ ದೊಡ್ಡದು, ಸಾಮಾನ್ಯವಾಗಿ ಆರರ ಸೆಟ್ಟು. ಆದರೆ ಅದು ಮಾರುತ್ತಿದ್ದದ್ದು ದನದ ಮಾಂಸದ ಸಾರ. ತಂಬಾಕು ಬೇಡ ಎಂದ ಅಜ್ಜಿಗೆ ಇದನ್ನು ತೋರಿಸುವುದು ಕಷ್ಟ. ಉಳಿದದ್ದು ಕಾಫಿ: ನ್ಯೂಯಾರ್ಕಿನ ಆರ್ಬಕಲ್ ಬ್ರದರ್ಸ್ 1891ರಲ್ಲಿ ಲೋಕಪ್ರವಾಸದ ನೋಟಗಳ 50 ಕಾರ್ಡು ತಂದರು, ಸುಮಾರು ಮೂರು ಅಂಗುಲಕ್ಕೆ ಐದು. ಎನ್14ರ ಮೂರೂವರೆ ಪಟ್ಟಿಗೂ ಹೆಚ್ಚು ಜಾಗ, ಹೀಗಾಗಿ ಚಿತ್ರದಲ್ಲಿ ವಿವರವೂ ಹೆಚ್ಚು. ಚಿಕ್ಕಮಗಳೂರಿನವರು ಕಣ್ಣು ಮುಚ್ಚಿಕೊಂಡು ಇದನ್ನೇ ಕೊಳ್ಳಬಹುದು.

ಅಸಲಿಯೋ ನಕಲಿಯೋ

ಒಂದು ಭೂತಗನ್ನಡಿ ಇದ್ದರೆ ಅರ್ಧ ಮೋಸ ತಪ್ಪುತ್ತದೆ. ಕಲ್ಲಚ್ಚಿನಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಕಲ್ಲು. ಕಲಾವಿದ ಕೈಯಿಂದ ಹಾಕಿದ ಚುಕ್ಕಿಗಳು ಅಡ್ಡಾದಿಡ್ಡಿಯಾಗಿ, ದಪ್ಪ ತೆಳು ಬೆರೆತು ಕಾಣುತ್ತವೆ. ಇಂದಿನ ಆಫ್‌ಸೆಟ್ ಮರುಮುದ್ರಣದಲ್ಲಿ ನಾಲ್ಕೇ ಬಣ್ಣದ ಚುಕ್ಕಿಗಳು ಸಾಲುಸಾಲಾಗಿ, ಒಂದೇ ಕ್ರಮದಲ್ಲಿ ಹೂವಿನಂತೆ ಜೋಡಿಸಿಕೊಂಡಿರುತ್ತವೆ. ನೋಟು ಪರೀಕ್ಷಿಸುವ ನೇರಳಾತೀತ ದೀಪದ ಕೆಳಗೆ ಕಾಗದ ನೀಲಿಯಾಗಿ ಹೊಳೆದರೆ ಅದು ಹಳೆಯ ಕಾಗದವಲ್ಲ; ಆ ಹೊಳಪು ಕೊಡುವ ರಾಸಾಯನಿಕ ಕಾಗದಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಅಂಚು ಕತ್ತರಿಸಿ ಮೂಲೆ ಹೊಸದು ಮಾಡಿದ ಕಾರ್ಡುಗಳೂ ಓಡಾಡುತ್ತವೆ, ಅಳತೆ ಕೇಳಿ ತಿಳಿಯಿರಿ.

ಇನ್ನೊಂದು ಗೊಂದಲ ಮೋಸದ್ದಲ್ಲ. ಟಾಪ್ಸ್ ಎಂಬ ಕಂಪನಿ 2006ರಿಂದ ಆಲೆನ್ ಅಂಡ್ ಗಿಂಟರ್ ಹೆಸರಿನಲ್ಲೇ ಹೊಸ ಕಾರ್ಡು ತರುತ್ತಿದೆ, ಹಳೆಯ ಅಳತೆಯ ಪುಟಾಣಿಗಳೂ ಅದರಲ್ಲಿವೆ. ಬರಿಯ ಹೆಸರು ಹಾಕಿ ಹುಡುಕಿದರೆ ಪುಟ ತುಂಬ ಅವೇ ಬರುತ್ತವೆ. 1889, ಎನ್14 ಎಂದು ಸೇರಿಸಿ ಹುಡುಕಿ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಅಂಕ ಹಾಕಿದ ಕಾರ್ಡುಗಳಿಗೆ ನಾನು ಹೆಚ್ಚು ಹಣ ಕೊಡುವುದಿಲ್ಲ. ಮುಂದೆ ಮಾರುವ ಉದ್ದೇಶ ಇರುವವರಿಗೆ, ದುಬಾರಿ ಆಟಗಾರರ ಕಾರ್ಡಿಗೆ ಅದು ಸರಿ. ಕಟ್ಟಡದ ಕಾರ್ಡಿಗೆ ಡಬ್ಬಿಯ ಖರ್ಚೇ ಕಾರ್ಡಿನ ಬೆಲೆಯನ್ನು ಮೀರುವುದುಂಟು.

ಹಾಗಾದರೆ ಯಾರಿಗೆ ಯಾವುದು

ತಿಂಗಳಿಗೆ ಒಂದು ಒಳ್ಳೆಯ ಊಟದಷ್ಟು ಖರ್ಚು ಮಾಡಬಲ್ಲ ವಾಸ್ತುಶಿಲ್ಪದ ವಿದ್ಯಾರ್ಥಿಗೆ ನಾನು ಹೇಳುವುದು: ಹಿಂಬದಿ ಕೆಟ್ಟ ಎನ್14 ಕಾರ್ಡುಗಳು, ಅದರಲ್ಲೂ ಈಗ ಇಲ್ಲದ, ಇಲ್ಲವೇ ರೂಪ ಬದಲಾದ ಭವನಗಳು. ಹತ್ತು ಸಿಕ್ಕರೆ ಒಂದು ಒಳ್ಳೆಯ ಸಂಗ್ರಹ. ಸರಣಿ ಪೂರ್ತಿಯಾಗದೆ ನಿದ್ದೆ ಬಾರದವರಿಗೆ ಲೀಬಿಗ್‌ನ ಆರರ ಸೆಟ್ಟು, ಅಥವಾ ವಿಲ್ಸ್‌ನ ಬೆಲ್ಜಿಯಂ ಸರಣಿಯನ್ನು ಇಡಿಯಾಗಿ ವ್ಯಾಪಾರಿಯಿಂದಲೇ ಕೊಳ್ಳುವುದು; 1927ರಿಂದ ನಡೆಯುತ್ತಿರುವ ಲಂಡನ್ ಸಿಗರೆಟ್ ಕಾರ್ಡ್ ಕಂಪನಿಯಂಥವರು ಸೆಟ್ಟುಗಳನ್ನು ದರಪಟ್ಟಿ ಹಾಕಿ ಮಾರುತ್ತಾರೆ. ಮುದ್ರಣದ ಸೊಬಗೇ ಮುಖ್ಯ ಎನ್ನುವ, ಕೈಯಲ್ಲಿ ದುಡ್ಡೂ ಇರುವ ಗ್ರಾಫಿಕ್ ಕಲಾವಿದರಿಗೆ ಆಲ್ಬಮ್. ಹಣ ಬೆಳೆಯಲಿ ಎಂದು ಕೊಳ್ಳುವವರಿಗೆ ಈ ಯಾವುದೂ ಬೇಡ. ಅವರು ಆಟಗಾರರ ಕಡೆಗೇ ಹೋಗಲಿ, ನಮಗೂ ಬೆಲೆ ಏರದಿರಲಿ.

ಕರಾವಳಿಯವರು, ಮಲೆನಾಡಿನವರು ಕೊಳ್ಳುವ ಮುನ್ನ ಇಡುವ ಜಾಗ ಯೋಚಿಸಬೇಕು. ಮಂಗಳೂರಿನ ಜೂನ್ ತಿಂಗಳು ಹಳೆಯ ರಟ್ಟಿಗೆ ಬೂಷ್ಟು ಹಿಡಿಸಲು ಸಾಕು. ಕಾರ್ಡು ತೂರಿಸಿಡಲು ಪಿವಿಸಿ ಪ್ಲಾಸ್ಟಿಕ್ಕಿನ ಚೀಲ ಬೇಡ, ಪಾಲಿಯೆಸ್ಟರಿನ ಚೀಲ ಇರಲಿ. ಲ್ಯಾಮಿನೇಷನ್ ಮಾಡಿಸುವ ಮಾತೇ ಬೇಡ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಹೊರಗೋಡೆಗೆ ತಾಗದ ಬೀರುವಿನಲ್ಲಿ ಇಡಿ. ಇನ್ನು ತಂದದ್ದನ್ನು ಮುಂದೆ ಹೊರದೇಶಕ್ಕೆ ಮಾರುವ ಯೋಚನೆ ಇದ್ದರೆ, ನೂರು ವರ್ಷ ದಾಟಿದ ವಸ್ತುಗಳ ರಫ್ತಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆಯೇ ಎಂದು ತಿಳಿದವರನ್ನು ಮೊದಲೇ ಕೇಳಿ.

ಯಾವುದೂ ತೀರ್ಮಾನವಾಗಲಿಲ್ಲ ಎನ್ನುವವರು ದುಡ್ಡು ಬಿಚ್ಚುವ ಮುನ್ನ ಮೆಟ್ರೋಪಾಲಿಟನ್ ಮ್ಯೂಸಿಯಂನ ಜಾಲತಾಣದಲ್ಲಿ ಬರ್ಡಿಕ್ ಸಂಗ್ರಹ ತೆರೆದು ನೋಡಲಿ. ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಚಿತ್ರಗಳನ್ನು 2017ರಿಂದ ಯಾರು ಬೇಕಾದರೂ ಇಳಿಸಿಕೊಂಡು ಬಳಸಲು ಬಿಟ್ಟಿದ್ದಾರೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಅರೆಂಟ್ಸ್ ಸಂಗ್ರಹದಲ್ಲೂ ಸಿಗರೇಟ್ ಕಾರ್ಡುಗಳು ಸಾವಿರಗಟ್ಟಲೆ ಇವೆ. ಮೆಚ್ಚಿದ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ತಿಂಗಳು ಕಳೆದ ಮೇಲೂ ಅದರ ಅಸಲಿ ಬೇಕು ಅನ್ನಿಸುತ್ತಿದ್ದರೆ ಅದೊಂದನ್ನೇ ಹುಡುಕಿ ತರಿಸಿಕೊಳ್ಳಿ.